ಸಮಪಾಲಿನ ಅಧ್ಯಕ್ಷರು

ಅಧ್ಯಕ್ಷರ ಬಲಗೈ ಹೆಗಲಿನ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಗೋದಾಮಿನಲ್ಲಿ ಪೇರಿಸಿಟ್ಟ ಭತ್ತದ ಚೀಲಗಳು ಒಮ್ಮೆ ಜಾರಿ ಅವರ ಮೇಲೆ ಬಿದ್ದಿದ್ದವು. ಅಂದಿನಿಂದ ಆ ಹೆಗಲು ಸರಿಹೋಗಲೇ ಇಲ್ಲ. ಸಂಘದ ಸಭೆಯಲ್ಲಿ ಕೈ ಎತ್ತುವ ಹೊತ್ತು ಬಂದರೆ ಎಡಗೈಯಿಂದ ಬಲ ಮೊಣಕೈ ಹಿಡಿದು ಮೇಲಕ್ಕೆ ನೂಕುತ್ತಿದ್ದರು. ನೋವಿಗೆ ಮುಖ ಕಿವುಚಿಕೊಳ್ಳುತ್ತಿತ್ತು.

"ಎಡಗೈ ಎತ್ತಿದ್ರ ಆಗಂಗಿಲ್ಲೇನ್ರಿ? ಯಾರ್ ನೋಡ್ತಾರ?" ಎಂದು ನಾನೊಮ್ಮೆ ಕೇಳಿದ್ದೆ.

"ಇಲ್ರಿ ಗುಮಾಸ್ತ್ರೇ. ದುಡದಿದ್ದು ಈ ಕೈ. ಮಾತೂ ಇದರದ್ದ ನಡೀಬೇಕು" ಅಂದರು.

ಹೋದ ತಿಂಗಳು ಅವರು ತೀರಿಕೊಂಡರು. ಅಳಬಾರದ ವಯಸ್ಸಿನಲ್ಲಿ, ಅಳಬಾರದ ಜಾಗದಲ್ಲಿ, ಅಂದರೆ ಮಿಲ್ಲಿನ ಗೇಟಿನ ಮುಂದೆ ನಿಂತು ಅತ್ತೆ. ಯಾಕೆ ಅತ್ತೆ ಎಂದು ಮನೆಯಲ್ಲಿ ಕೇಳಿದರು. ಹೇಳಲು ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಂಪ್ಲಿಯ ಒಂದು ರೈಸ್‌ಮಿಲ್ಲಿನ ಗುಮಾಸ್ತ. ಅವರು ಅದೇ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ ಹಮಾಲರು, ಆಮೇಲೆ ಹಮಾಲರ ಸಂಘ ಕಟ್ಟಿ ಅದರ ಅಧ್ಯಕ್ಷರಾದವರು. ಒಪ್ಪಂದದ ಮೇಜಿನ ಆ ಕಡೆ ಅವರು, ಈ ಕಡೆ ಸಾವ್ಕಾರರ ಪಕ್ಕದಲ್ಲಿ ಪೆನ್ನು ಹಿಡಿದು ನಾನು. ಹೆಸರು ಬರೆಯುವುದಿಲ್ಲ. ಊರಿನಲ್ಲಿ ಆ ಹೆಸರಿಗೆ ಕೆಲಸವೇ ಇರಲಿಲ್ಲ. ಅವರ ಹೆಂಡತಿ ಹನುಮಕ್ಕ ಕೂಡ ಸಿಟ್ಟು ಬಂದಾಗ "ಬರ್ರಿ ಅಧ್ಯಕ್ಷರ, ಉಣ್ಣಾಕ ಬರ್ರಿ" ಎಂದೇ ಕರೆಯುತ್ತಿದ್ದಳು.

ಸಂಘದ ಕೋಣೆಗೂ ನನ್ನ ಕಚೇರಿಗೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ. ಕಿಟಕಿ ತೆರೆದರೆ ಅವರ ಅಂಗಳ, ತೆರೆದ ಬಾಗಿಲಿನಿಂದ ಕೋಣೆಯ ಒಳಗೂ ಕಾಣುತ್ತಿತ್ತು. ಅವರ ಸಭೆಯ ಗುಟ್ಟೆಲ್ಲ ನನ್ನ ಕಿವಿಗೆ ಬಿಟ್ಟಿಯಾಗಿ ಬೀಳುತ್ತಿತ್ತು. ಇದು ಅಧ್ಯಕ್ಷರಿಗೆ ಗೊತ್ತಿತ್ತು. ಸಭೆ ಶುರುವಾಗುವ ಮೊದಲು ತಗಡನ್ನು ತಟ್ಟಿ "ಗುಮಾಸ್ತ್ರೇ, ಶುರು ಮಾಡ್ತೀವ್ರಿ, ಕೆಮ್ಮಬ್ಯಾಡ್ರಿ" ಎನ್ನುತ್ತಿದ್ದರು. ಒಳಗೆ ಎಲ್ಲರೂ ನಗುತ್ತಿದ್ದರು. ನಾನೂ ಈ ಕಡೆ ನಗುತ್ತಿದ್ದೆ.

ಸಂಘ ಬರುವುದಕ್ಕೆ ಮುಂಚಿನ ಕಾಲವನ್ನು ನಾನು ಕಂಡಿದ್ದೇನೆ. ಕ್ವಿಂಟಾಲು ತೂಗುವ ಚೀಲವನ್ನು ಬೆನ್ನಿನ ಮೇಲೆ ಹೇರಿಕೊಂಡು ಹಲಗೆಯ ಮೇಲೆ ಲಾರಿ ಹತ್ತುತ್ತಿದ್ದರು. ಮಿಲ್ಲಿನ ಮೇಸ್ತ್ರಿ ಕರೆದರೆ ಕೆಲಸ, ಕರೆಯದಿದ್ದರೆ ಇಲ್ಲ. ಕೂಲಿಯಲ್ಲಿ ಅವನ ಕಡಿತ ಬೇರೆ. ಸೊಂಟ ಮುರಿದವನು ಮನೆಗೆ ಹೋಗುತ್ತಿದ್ದ. ಮರುದಿನ ಅವನ ಜಾಗದಲ್ಲಿ ಇನ್ನೊಬ್ಬ. ಇದನ್ನೆಲ್ಲ ನೋಡಿಯೂ ನನಗೆ ಸಂಘದ ಮೇಲೆ ಪ್ರೀತಿ ಹುಟ್ಟಲಿಲ್ಲ. ನಾನು ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡ ಮನುಷ್ಯ. ಘೋಷಣೆ ಕೂಗುವವರನ್ನು ಕಂಡರೆ ಮೈ ಉರಿಯುತ್ತಿತ್ತು.

ಮೊದಲ ಒಪ್ಪಂದದ ದಿನ ಮೇಜಿನ ಮುಂದೆ ಕೂತ ಅಧ್ಯಕ್ಷರು ಕೂಲಿಯ ಮಾತನ್ನೇ ತೆಗೆಯಲಿಲ್ಲ. "ಮದ್ಲ ನಮ್ಮನ್ನ ಲೇ ಅನ್ನೋದು ಬಿಡ್ರಿ. ರೀ ಅನ್ರಿ" ಅಂದರು.

ಸಾವ್ಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದಕ್ಕೇನು ರೊಕ್ಕ ಹತ್ತತೈತಿ? ಬೇಕಾದಷ್ಟು ತಗೋರಿ."

"ಭಾಳ ಉಪಕಾರ ಆತ್ರಿ. ಇದನ್ನ ಕೊಟ್ರ ಮುಂದಿಂದು ಕೇಳಾಕ ನಮಗ ಹಗುರಾಗ್ತೈತಿ."

ಸಾವ್ಕಾರರ ನಗು ಅಲ್ಲಿಗೇ ನಿಂತಿತು. ಆ ದಿನದಿಂದ ನಾನೂ ಅವರನ್ನು ಬಹುವಚನದಲ್ಲಿ ಕರೆದೆ. ಮೊದಲು ವ್ಯಂಗ್ಯಕ್ಕೆ, ಆಮೇಲೆ ಅಭ್ಯಾಸಕ್ಕೆ, ಕೊನೆಗೆ ಮನಸ್ಸಾರೆ.

ಚೀಲದ ತೂಕ ಇಳಿಯಿತು, ಮೇಸ್ತ್ರಿಯ ಕಡಿತ ಹೋಯಿತು, ದೀಪಾವಳಿಗೆ ಬೋನಸ್ಸು ಬಂತು. ಇವೆಲ್ಲ ಬೇರೆ ಊರಿನ ಸಂಘಗಳೂ ಮಾಡಿದ್ದೇ. ಆದರೆ ನಮ್ಮ ಅಧ್ಯಕ್ಷರು ಜೀವ ಇಟ್ಟುಕೊಂಡದ್ದು ಒಂದೇ ಕಟ್ಟಳೆಯ ಮೇಲೆ. ಅದು ಸಮಪಾಲು. ಲಾರಿ ತುಂಬಿದ ಕೂಲಿ ಹೊತ್ತವನ ಜೇಬಿಗೆ ಹೋಗುವಂತಿರಲಿಲ್ಲ. ಗುಂಪಿಗೆ ಬಂದು ಸಂಜೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಬೇಕು. ಸೊಂಟ ಹೋದ ಮುದುಕರು ದಬ್ಬಣ ಹಿಡಿದು ಹರಿದ ಚೀಲ ಹೊಲಿಯುತ್ತ, ಚೆಲ್ಲಿದ ಕಾಳು ಗುಡಿಸುತ್ತ ಕೂರುತ್ತಿದ್ದರು. ಅವರಿಗೂ ಅದೇ ಪಾಲು, ಒಂದು ರೂಪಾಯಿ ಕಡಿಮೆ ಇಲ್ಲ. ದಬ್ಬಣದವರಲ್ಲಿ ಹಿರಿಯ ಹುಲಿಗೆಪ್ಪ. ಬೆನ್ನು ಬಾಗಿ ಮುಖ ನೆಲ ನೋಡುತ್ತಿತ್ತು. ಮಾತಾಡಬೇಕಾದರೆ ಕತ್ತು ಓರೆ ಮಾಡಿ ಮೇಲೆ ನೋಡುತ್ತಿದ್ದ.

ನನಗೆ ಇದು ಹುಚ್ಚುತನ ಅನ್ನಿಸಿತ್ತು. ಮಿಲ್ಲಿನ ಎದುರಿನ ಅಂಗಡಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿನ್ನುತ್ತ ದಿನಾ ಇದೇ ಜಗಳ. ಅಧ್ಯಕ್ಷರು ಮಿರ್ಚಿಯನ್ನು ಇಡಿಯಾಗಿ ತಿಂದದ್ದನ್ನು ನಾನು ನೋಡಿಲ್ಲ. ಮುರಿದು ಪಕ್ಕದಲ್ಲಿ ಕೂತವನಿಗೆ ಅರ್ಧ ಕೊಡುತ್ತಿದ್ದರು. ಪಕ್ಕದವನು ಅಪರಿಚಿತ ಲಾರಿ ಡ್ರೈವರನಾದರೂ ಸರಿ.

"ಹೊರೋ ಹುಡುಗ್ರ ಬೆವರು ಮುದುಕ್ರ ಹೊಟ್ಟಿಗಿ ಹಾಕ್ತೀರಿ. ಇದು ನ್ಯಾಯ ಏನ್ರಿ? ನಿಮ್ಮ ಸಂಘ ಮಂದಿನ್ನ ಸೋಮಾರಿ ಮಾಡ್ತೈತಿ" ಎನ್ನುತ್ತಿದ್ದೆ.

"ಹುಲಿಗೆಪ್ಪ ಹೊರೋ ವಯಸ್ಸಿನ್ಯಾಗ ಹೊತ್ತಾನ್ರಿ. ಆಗ ಯಾರೂ ಅವಗ ಸರಿಯಾಗಿ ಕೊಟ್ಟಿಲ್ಲ. ಈಗ ಹೊರೋ ಹುಡುಗ್ರೂ ನಾಳಿ ಅಲ್ಲೇ ದಬ್ಬಣ ಹಿಡದು ಕುಂದ್ರಾರ. ಅವರ ಜಾಗ ಹಿಡದಿಟ್ಟಾನ ಅನಕೋರಿ."

"ನಮ್ಮ ಸಾವ್ಕಾರ್ರು ನನ್ನ ಇಟಗೊಂಡಿಲ್ಲೇನು? ಕಣ್ಣು ಮಂಜಾತು, ಕಂಪ್ಯೂಟರ್ ಹುಡುಗಿ ಬಂದ್ಲು. ಆದ್ರೂ ಬ್ಯಾಡ ಅಂದಿಲ್ಲ. ಸಂಘ ಇಲ್ಲದ ನಾನೂ ಬದಕೀನಿ."

"ಇಟಗೊಂಡಾರ ಅಂದ್ರ ಅದು ಅವರ ಮನಸ್ಸು. ಮನಸ್ಸು ತಿರುಗಿದ ದಿನ ಯಾರನ್ನ ಕೇಳ್ತೀರಿ?" ಎಂದು ನನ್ನ ಅರ್ಧ ಮಿರ್ಚಿಯನ್ನು ಮುಂದೆ ತಳ್ಳುತ್ತಿದ್ದರು. ಖಾರ ಹತ್ತಿದವನ ಹಾಗೆ ನೀರು ಕುಡಿಯುತ್ತಿದ್ದೆ.

ಅವರ ಇನ್ನೊಂದು ಕಟ್ಟಳೆಯನ್ನೂ ಹೇಳಬೇಕು. ಸಭೆಯಲ್ಲಿ ಎಷ್ಟು ಬೇಕಾದರೂ ಬಡಿದಾಡಬಹುದು. ಹೆಚ್ಚು ಕೈ ಯಾವ ಕಡೆ ಎದ್ದವೋ ಅದೇ ತೀರ್ಮಾನ. ಆದರೆ ಎದ್ದು ಹೊರಡುವ ಮುಂಚೆ ಸೋತವರೂ ಆ ತೀರ್ಮಾನಕ್ಕೆ ಕೈ ಎತ್ತಬೇಕು. "ಒಳಗ ಎರಡಿರ್ರಿ, ಮೂರಿರ್ರಿ. ಬಾಗಲಾ ದಾಟೂಮುಂದ ಒಂದಾಗ್ರಿ" ಎನ್ನುತ್ತಿದ್ದರು. ಸೋತವರು ಹಲ್ಲು ಕಡಿಯುತ್ತ ಕೈ ಎತ್ತುವುದನ್ನು ಕಿಟಕಿಯಿಂದ ನೋಡಿ ನಾನು ಎಷ್ಟೋ ಸಲ ನಕ್ಕಿದ್ದೇನೆ.

ಹೊಸಪೇಟೆಯ ಕಾರ್ಮಿಕ ಇಲಾಖೆಯ ಕಚೇರಿಗೆ ಒಮ್ಮೆ ಎರಡೂ ಕಡೆಯವರನ್ನು ಕರೆಸಿದ್ದರು. ಅಧಿಕಾರಿ ಅಧ್ಯಕ್ಷರಿಗೆ ಕುರ್ಚಿ ತೋರಿಸಿ ಕೂರಿ ಅಂದರು. ಇವರು ಹಿಂದೆ ತಿರುಗಿ ನೋಡಿದರು. ಜೊತೆಗೆ ಬಂದ ಹಮಾಲರು ಗೋಡೆಗೆ ಒರಗಿ ನಿಂತಿದ್ದರು. "ಕುರ್ಚಿ ಸಾಲಂಗಿಲ್ರಿ ಸಾಹೇಬ್ರ. ಎಲ್ಲಾರೂ ಹೊರಗ ಕಟ್ಟಿ ಮ್ಯಾಲ ಕುಂದ್ರೂಣ್ರಿ?" ಅಂದರು. ಆ ಅಧಿಕಾರಿ ಒಳ್ಳೆಯವರು, ನಗುತ್ತ ಎದ್ದು ಬಂದರು. ನಮ್ಮ ಸಾವ್ಕಾರರು ಬಿಳಿ ಪಂಚೆ ಎತ್ತಿ ಹಿಡಿದು ಧೂಳಿನ ಕಟ್ಟೆಯ ಮೇಲೆ ಕೂತದ್ದನ್ನು ಮರೆಯಲಾರೆ.

ಎಲ್ಲ ಕೆಟ್ಟದ್ದು ಒಂದು ಗೆಲುವಿನಿಂದ ಶುರುವಾಯಿತು. ಕೂಲಿ ಹೆಚ್ಚಿಸಿ ಎಂದು ಸಂಘದವರು ಸುಗ್ಗಿಯ ಹೊತ್ತಿಗೇ ಕೆಲಸ ನಿಲ್ಲಿಸಿದರು. ಗೇಟಿನಾಚೆ ಭತ್ತದ ಟ್ರ್ಯಾಕ್ಟರುಗಳ ಸಾಲು. ರೈತರು ಅಧ್ಯಕ್ಷರಿಗೆ ಬಾಯಿಗೆ ಬಂದಂತೆ ಬಯ್ದರು, ನಾನೂ ಬಯ್ದೆ. ಒಂದು ಮಧ್ಯಾಹ್ನ ಮೋಡ ಕವಿಯಿತು. ನೋಡನೋಡುತ್ತಿದ್ದಂತೆ ಧರಣಿ ಕೂತಿದ್ದ ಹಮಾಲರೆಲ್ಲ ಎದ್ದರು. ತಾಡಪತ್ರಿ ಎಳೆದು ತಂದು ಒಂದೊಂದೇ ಟ್ರ್ಯಾಕ್ಟರಿಗೆ ಹೊದಿಸಿ ಹಗ್ಗ ಬಿಗಿದರು. ಅಧ್ಯಕ್ಷರು ಒಂದೇ ಕೈಯಲ್ಲಿ ಗಂಟು ಹಾಕುತ್ತ "ನಮ್ಮ ಜಗಳ ಸಾವ್ಕಾರ್ರ ಕೂಡ, ಭತ್ತದ ಕೂಡ ಅಲ್ಲ" ಎಂದು ಕೂಗುತ್ತಿದ್ದರು. ಕೂಲಿ ಕೇಳಲಿಲ್ಲ. ಬಯ್ದ ರೈತರೇ ಅವರಿಗೆ ಚಹಾ ಕೊಡಿಸಿದರು. ಸಾವ್ಕಾರರು ಸೋತರು, ಕೇಳಿದಷ್ಟು ಕೂಲಿ ಕೊಟ್ಟರು.

ಮರುವರ್ಷ ಬೆಲ್ಟು ಬಂತು. ನೆಲದಿಂದ ಲಾರಿಯ ತನಕ ಚೀಲವನ್ನು ತಾನೇ ಒಯ್ಯುವ ಯಂತ್ರ. "ಕೂಲಿ ಹಳೇದ ಇದ್ದಿದ್ರ ಇದನ್ನ ತರ್ತಿರ್ಲಿಲ್ಲ. ನಿಮ್ಮ ಅಧ್ಯಕ್ಷನೇ ತಂದುಕೊಟ್ಟಂಗಾತು" ಎಂದು ಸಾವ್ಕಾರರು ನನ್ನ ಮುಂದೆ ಹೇಳಿದರು. ಚುಚ್ಚಬೇಕೆಂದೇ ಆಯುಧಪೂಜೆಯ ದಿನ ಬೆಲ್ಟಿಗೆ ತೆಂಗಿನಕಾಯಿ ಒಡೆಯಲು ಅಧ್ಯಕ್ಷರನ್ನು ಕರೆದರು. ಬರುವುದಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಅವರು ತೊಳೆದ ಅಂಗಿ ತೊಟ್ಟು ಬಂದು, ಎಡಗೈಯಿಂದ ಕಾಯಿ ಒಡೆದು, ಕೈ ಮುಗಿದರು.

"ಮಿಶೀನು ಏನ್ ತಪ್ಪು ಮಾಡೈತ್ರಿ? ಭಾರ ಹೋದ್ರ ಚಲೋ ಅಲ್ಲೇನು? ಇನ್ನ ಯಾರ ಸೊಂಟಾನೂ ಮುರಿಯಂಗಿಲ್ಲ. ಭಾರ ಅದಕ್ಕ, ಪಾಲು ನಮಗ."

ಅವರು ಇದನ್ನು ನಿಜವಾಗಿ ನಂಬಿದ್ದರು. ಚೀಲ ಹೊತ್ತು ಹೊತ್ತು ಬದುಕಿದವನಿಗೆ ಭಾರವೇ ಶತ್ರುವಾಗಿ ಕಾಣುತ್ತದೆ. ಭಾರ ಹೋದರೆ ಅದರ ಜೊತೆ ತಾನೂ ಹೋಗಬೇಕಾಗುತ್ತದೆ ಎಂದು ಹೊಳೆಯುವುದಿಲ್ಲ. ಒಂದು ಗುಂಪು ಮಾಡುತ್ತಿದ್ದ ಕೆಲಸಕ್ಕೆ ಈಗ ಬೆಲ್ಟಿನ ಈ ತುದಿಗೆ ಇಬ್ಬರು, ಆ ತುದಿಗೆ ಇಬ್ಬರು ಸಾಕಾಯಿತು. ಉಳಿದವರು ಸರದಿಗೆ ಕಾಯುತ್ತ ಗೋಡೆಯ ನೆರಳಿನಲ್ಲಿ ಬೀಡಿ ಸೇದಿದರು. ಪಾಲು ಸಮನಾಗಿಯೇ ಇತ್ತು. ಆದರೆ ದಿನದಿಂದ ದಿನಕ್ಕೆ ಸಣ್ಣದಾಯಿತು.

ಇದೇ ಹೊತ್ತಿಗೆ ಸಂಡೂರಿನ ಕಡೆ ಗಣಿಗಳು ನಿಂತವು. ಅದಿರಿನ ಲಾರಿ ತುಂಬುತ್ತಿದ್ದ ಹುಡುಗರು ಕೆಲಸ ಇಲ್ಲದೆ ಊರೂರು ತಿರುಗಿದರು. ಕೆಲವರು ಕಂಪ್ಲಿಗೆ ಬಂದು ಸಂಘಕ್ಕೆ ಸೇರಿಸಿಕೊಳ್ಳಿ ಎಂದರು. ಅವರಲ್ಲಿ ಬಂಡ್ರಿಯ ತಿಪ್ಪೇಶನೂ ಒಬ್ಬ, ಅಧ್ಯಕ್ಷರ ಒಬ್ಬಳೇ ಮಗಳ ಗಂಡ. ಸಂಘದಲ್ಲಿ ದೊಡ್ಡ ಗದ್ದಲವಾಯಿತು. ಇದ್ದವರಿಗೇ ಕೆಲಸ ಇಲ್ಲ, ಹೊಸಬರು ಬೇಡ ಎಂದು ಹಳೆಯ ಹಮಾಲರು ಪಟ್ಟು ಹಿಡಿದರು. ಸೇರಿಸಿಕೊಳ್ಳೋಣ ಎಂದ ಅಧ್ಯಕ್ಷರು ಅಳಿಯನಿಗಾಗಿ ಹೀಗೆ ಮಾಡುತ್ತಿದ್ದಾರೆ ಎಂಬ ಮಾತೂ ಬಂತು. ಅಧ್ಯಕ್ಷರ ದನಿ ತಗಡಿನಾಚೆ ಏರಿದ್ದನ್ನು ನಾನು ಕೇಳಿದ್ದು ಅವತ್ತೊಂದೇ ದಿನ.

"ಕೆಲಸ ಇದ್ದವ್ರಿಗೆ ಸಂಘ ಯಾಕ ಬೇಕ್ರೋ? ಕೆಲಸ ಇಲ್ಲದವನ್ನ ಹೊರಗಿಟ್ರ ನಾವೂ ಸಾವ್ಕಾರ್ರೂ ಒಂದ!"

ಕೈಗಳು ಎದ್ದವು. ಎಲ್ಲರಿಗಿಂತ ಮೊದಲು ಹುಲಿಗೆಪ್ಪ ಕೈ ಎತ್ತಿದ್ದನ್ನು ನಾನು ಕಿಟಕಿಯಿಂದ ಕಂಡೆ. ಗಣಿಯ ಹುಡುಗರು ಸಂಘಕ್ಕೆ ಸೇರಿದರು.

ಕೆಲವು ವರ್ಷ ಹೇಗೋ ನಡೆಯಿತು. ಹೊಸಬರೇ ಹೆಚ್ಚಾದರು. ಅವರಿಗೆ ಮೇಸ್ತ್ರಿಯ ಕಾಲ ಗೊತ್ತಿಲ್ಲ, ಹುಲಿಗೆಪ್ಪನ ಬೆನ್ನು ನೆಟ್ಟಗಿದ್ದದ್ದನ್ನು ಕಂಡಿಲ್ಲ. ಅವರಿಗೆ ಕಂಡದ್ದು ಚೀಲ ಎತ್ತದೆ ಪಾಲು ತೆಗೆದುಕೊಳ್ಳುವ ಮುದುಕರು. ಒಂದು ಸಂಜೆ ಸಭೆ ಸೇರಿತು. ಜನ ಹೆಚ್ಚಾದ್ದರಿಂದ ಅಂಗಳದಲ್ಲೇ ಕೂತರು. ಚೀಲ ಎತ್ತದವರಿಗೆ ಪಾಲು ಇಲ್ಲ ಎನ್ನುವುದು ಅಂದಿನ ವಿಷಯ. ದಬ್ಬಣದ ಮುದುಕರ ಜೊತೆ, ಹೆಗಲು ಹೋದ ಅಧ್ಯಕ್ಷರ ಪಾಲೂ ಅದರಲ್ಲಿ ಸೇರಿತ್ತು. ಅವತ್ತು ಅವರು ತಗಡು ತಟ್ಟಲಿಲ್ಲ.

ಮಾತಾಡಲು ಎದ್ದವನು ತಿಪ್ಪೇಶ. ಒರಟನಲ್ಲ, ನೆಲ ನೋಡುತ್ತ ಮಾತಾಡಿದ. "ಮಕ್ಳು ಅದಾವ್ರಿ ನಮಗೂ. ಬರೋದ ಇಷ್ಟು. ಅದರಾಗ ಕುಂತವ್ರಿಗೂ ಕೊಟ್ರ ನಾವ್ ಏನ್ ತಿನ್ನೂಣು? ಯಾರ ಮ್ಯಾಲೂ ಸಿಟ್ಟಿಲ್ಲ."

ಅವನಿಗೆ ಬಯ್ಯೋಣ ಎಂದು ಬಾಯಿ ತೆರೆದೆ, ಬಯ್ಗುಳ ಬರಲಿಲ್ಲ. ಅವನು ಹೇಳಿದ್ದನ್ನೇ ನಾನು ವರ್ಷಗಟ್ಟಲೆ ಮಿರ್ಚಿ ತಿನ್ನುತ್ತ ಹೇಳಿಕೊಂಡು ಬಂದಿದ್ದೆ.

ಅಧ್ಯಕ್ಷರೇ ಎದ್ದು ನಿಂತು, ಒಪ್ಪುವವರು ಕೈ ಎತ್ತಿ ಎಂದರು. ಅಂಗಳದ ತುಂಬ ಕೈ. ಅವರೇ ಜಗಳಾಡಿ ಒಳಗೆ ತಂದ ಹುಡುಗರ ಕೈ. ಅಳಿಯನ ಕೈ ಅರ್ಧಕ್ಕೆ ಎದ್ದು, ನಿಂತು, ಆಮೇಲೆ ಪೂರ್ತಿ ಎದ್ದಿತು. ಮಾವನ ಮುಖವನ್ನು ಅವನು ನೋಡಲಿಲ್ಲ. ತೀರ್ಮಾನ ಆಯಿತು. ಜನ ಏಳಲು ಶುರು ಮಾಡಿದರು.

"ಕುಂದ್ರಿ. ಸೋತವ್ರು ಇನ್ನಾ ಕೈ ಎತ್ತಿಲ್ಲ" ಅಂದರು ಅಧ್ಯಕ್ಷರು.

ಬ್ಯಾಡ ಮಾವ ಎಂದು ತಿಪ್ಪೇಶ ಸಣ್ಣಗೆ ಹೇಳಿದ್ದು ಕೇಳಿಸಿತು. ಅವರು ಎಡಗೈಯಿಂದ ಬಲ ಮೊಣಕೈ ಹಿಡಿದು ಮೇಲಕ್ಕೆ ನೂಕಿದರು. ದಿನಾ ಏಳುತ್ತಿದ್ದುದಕ್ಕಿಂತ ಎತ್ತರಕ್ಕೆ ನೂಕಿದರು. ಅವರನ್ನು ನೋಡಿ ದಬ್ಬಣದ ಮುದುಕರೂ ಒಬ್ಬೊಬ್ಬರಾಗಿ ಕೈ ಎತ್ತಿದರು. ಹುಲಿಗೆಪ್ಪ ನೆಲ ನೋಡುತ್ತಲೇ ಎತ್ತಿದ. ನಾನು ಕಿಟಕಿ ಮುಚ್ಚಿಬಿಟ್ಟೆ.

ಆಮೇಲೆ ಅಂಗಡಿಯಲ್ಲಿ ಇಬ್ಬರೂ ಕೂತೆವು. ಅವರು ಇಡೀ ಮಿರ್ಚಿಯನ್ನು ನನ್ನ ಕಡೆ ತಳ್ಳಿದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಈಗರ ಹೇಳ್ರಿ ಅಧ್ಯಕ್ಷರ. ಸಂಘ ಮಾಡಿ ಒಳ್ಳೇದಾತೋ ಕೆಟ್ಟದಾತೋ?" ಎಂದು ಕೇಳಿದೆ.

"ಕುಂತು, ಮಾತಾಡಿ, ಕೈ ಎತ್ತಿ ತಗದ್ರಲ್ರಿ. ಹಿಂದ ಮೇಸ್ತ್ರಿ ಒದ್ದು ತಗೀತಿದ್ದ. ಅಷ್ಟು ಬದ್ಲಾಗೈತಿ" ಅಂದರು. ರಸ್ತೆಯ ಕಡೆ ತಿರುಗಿ ಕೂತರು. ಬೆಲ್ಟಿನ ಸದ್ದು ಅಲ್ಲಿಗೂ ಕೇಳುತ್ತಿತ್ತು. ಆಮೇಲೆ ನನ್ನ ಕಡೆ ತಿರುಗದೆ ಅಂದರು: "ಒದ್ದಿದ್ರ ಇಷ್ಟು ನೋಯ್ತಿರ್ಲಿಲ್ಲ ಅನಸ್ತೈತ್ರಿ."

ಈ ಒಂದು ಮಾತು ನನ್ನೊಳಗೆ ಇನ್ನೂ ಕೂತಿದೆ.

ಅಧ್ಯಕ್ಷ ಸ್ಥಾನವನ್ನು ಅವರೇ ಬಿಟ್ಟರು. ದಬ್ಬಣದ ಮುದುಕರೂ ಮಿಲ್ಲಿಗೆ ಬರುವುದನ್ನು ಬಿಟ್ಟರು. ಹನುಮಕ್ಕ ಕಮಲಾಪುರದ ಕಡೆ ಬಾಳೆತೋಟದ ಕೂಲಿಗೆ ಬಸ್ಸಿನಲ್ಲಿ ಹೋಗಿಬರತೊಡಗಿದಳು. ಸಂಸಾರ ಅವಳ ಮೇಲೆ ನಿಂತಿತು. ತಿಪ್ಪೇಶ ವಾರಕ್ಕೊಮ್ಮೆ ಅಕ್ಕಿ ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದನಂತೆ. ಅವರು ಉಣ್ಣುತ್ತಿದ್ದರು, ಬೇಡ ಅನ್ನುತ್ತಿರಲಿಲ್ಲ. ಅವನ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ನಾನು ಆಡಿದರೆ "ಅದು ಸಂಘದ ತೀರ್ಮಾನ. ನಾನೂ ಕೈ ಎತ್ತೀನಿ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಆದರೆ ಮಿಲ್ಲಿನ ಮುಂದಿನ ರಸ್ತೆಗೆ ಬರುವುದನ್ನು ಬಿಟ್ಟರು. ಹೊಳೆಯ ದಂಡೆಯ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ಸೇತುವೆ ದಾಟುವ ಲಾರಿಗಳನ್ನು ನೋಡುತ್ತಿದ್ದರು. ತುಂಬಿದ ಲಾರಿ ಹೋದರೆ ಯಾವ ಗುಂಪಿನವರು ಹೇರಿದ್ದು ಎಂದು ನನ್ನನ್ನು ಕೇಳುತ್ತಿದ್ದರು. ಬೆಲ್ಟು ಹೇರಿದ್ದು ಎಂದು ಹೇಳಲು ನನಗೆ ಮನಸ್ಸು ಬರುತ್ತಿರಲಿಲ್ಲ. ಏನೋ ಒಂದು ಹೆಸರು ಹೇಳುತ್ತಿದ್ದೆ.

ತೀರಿಕೊಂಡ ದಿನ ಪುರಸಭೆಯ ಶವದ ಗಾಡಿ ತರಿಸೋಣ ಎಂದು ಯಾರೋ ಅಂದರು. ತಿಪ್ಪೇಶ ಕಣ್ಣು ಕೆಂಪಗೆ ಮಾಡಿಕೊಂಡು "ಹಮಾಲ್ರ ಅಧ್ಯಕ್ಷ ಗಾಡ್ಯಾಗ ಹೋಗಬೇಕೇನು? ನಮ್ಮ ಹೆಗಲು ಸತ್ತಾವೇನು?" ಅಂದ. ಅವನೂ ಹುಡುಗರೂ ಸೇರಿ ಚಟ್ಟ ಎತ್ತಿದರು. ಮೆರವಣಿಗೆ ಮಿಲ್ಲಿನ ಮುಂದೆ ಬಂತು. ಸಾವ್ಕಾರರು ಬೆಲ್ಟು ನಿಲ್ಲಿಸಿ, ಗೇಟಿಗೆ ಬಂದು ಹಾರ ಹಾಕಿದರು. ಅಲ್ಲಿ ದಬ್ಬಣದ ಮುದುಕರು ಕಾಯುತ್ತ ನಿಂತಿದ್ದರು. ಹುಲಿಗೆಪ್ಪ ಬಾಗಿದ ಬೆನ್ನಿನಲ್ಲೇ ಮುಂದೆ ಬಂದು ತಿಪ್ಪೇಶ ಹೊತ್ತಿದ್ದ ಮೂಲೆಗೆ ಹೆಗಲು ಒಡ್ಡಿದ. ಚಟ್ಟದ ಎತ್ತರಕ್ಕೆ ಅವನ ಹೆಗಲು ಮುಟ್ಟುವಂತಿರಲಿಲ್ಲ.

"ನೀ ಬ್ಯಾಡಜ್ಜ. ನಿನ್ ಕೈಲೆ ಆಗಂಗಿಲ್ಲ. ನಾವ್ ಅದೀವಿ" ಅಂದ ತಿಪ್ಪೇಶ.

ಹುಲಿಗೆಪ್ಪ ಕತ್ತು ಓರೆ ಮಾಡಿ ಅವನನ್ನು ನೋಡಿದ. "ಇದರಾಗೂ ನನ್ನ ಪಾಲು ಕಿತ್ಗೋತೀಯೇನೋ?"

ಮೆರವಣಿಗೆಯ ಮುಂದೆ ಹಲಗೆ ವಾದ್ಯ ಬಡಿಯುತ್ತಿದ್ದವರು ಬಡಿಯುವುದನ್ನು ನಿಲ್ಲಿಸಿದರು. ನಾನು ಅತ್ತದ್ದು ಆಗ. ತಿಪ್ಪೇಶ ಮಂಡಿ ಬಗ್ಗಿಸಿ ತನ್ನ ಮೂಲೆಯನ್ನು ಕೆಳಕ್ಕೆ ಇಳಿಸಿದ. ಉಳಿದ ಮೂವರೂ ಬಗ್ಗಿದರು. ಬಿದಿರು ಹುಲಿಗೆಪ್ಪನ ಹೆಗಲಿಗೆ ತಾಗಿತು. ಭಾರವನ್ನೆಲ್ಲ ತನ್ನ ಎರಡು ಕೈಯಲ್ಲಿ ಹಿಡಿದುಕೊಂಡು ತಿಪ್ಪೇಶ ಅವನ ಪಕ್ಕದಲ್ಲಿ ಬಗ್ಗಿ ನಡೆದ. ಒಬ್ಬ ಮುದುಕನ ಪಾಳಿ ಮುಗಿದ ಮೇಲೆ ಇನ್ನೊಬ್ಬ ಬಂದ. ಹೊಳೆಯ ದಂಡೆ ತಲುಪುವವರೆಗೂ ಚಟ್ಟ ಹಾಗೆ ತಗ್ಗಿಯೇ ಹೋಯಿತು. ಒಬ್ಬ ಹುಡುಗನೂ ಗೊಣಗಲಿಲ್ಲ.

ಮರುದಿನ ಬೆಳಿಗ್ಗೆ ಮಿಲ್ಲಿಗೆ ಹೋದಾಗ ಬೆಲ್ಟು ಓಡುತ್ತಿತ್ತು. ಹುಲಿಗೆಪ್ಪ ಬಂದು ತನ್ನ ಹಳೆಯ ಜಾಗದಲ್ಲಿ ಹರಿದ ಚೀಲ ಮಡಿಲಿಗೆ ಹಾಕಿಕೊಂಡು ದಬ್ಬಣಕ್ಕೆ ದಾರ ಪೋಣಿಸುತ್ತಿದ್ದ. ಏಳು ಎಂದು ಯಾರೂ ಅನ್ನಲಿಲ್ಲ. ತಿಪ್ಪೇಶನೇ ಇನ್ನೊಂದಿಷ್ಟು ಹರಿದ ಚೀಲ ತಂದು ಅವನ ಮುಂದೆ ಇಟ್ಟ. ಸಂಜೆ ಕೂಲಿ ಹಂಚಿದರು. ಹುಲಿಗೆಪ್ಪ ಎದ್ದು ಹೋಗಿ ಎಲ್ಲರ ಜೊತೆ ಸಾಲಿನಲ್ಲಿ ನಿಂತ. ನಾನು ಕಿಟಕಿ ಹಿಡಿದು ನಿಂತೆ. ಹಂಚುವವನು ತಿಪ್ಪೇಶನ ಮುಖ ನೋಡಿದ, ತಿಪ್ಪೇಶ ನೆಲ ನೋಡಿದ. ಹುಲಿಗೆಪ್ಪ ಚಾಚಿದ ಕೈ ಖಾಲಿಯೇ ಉಳಿಯಿತು, ಸಾಲು ಅವನನ್ನು ದಾಟಿ ಮುಂದಕ್ಕೆ ಸರಿಯಿತು.